ತಣ್ಣನೆ ನೆಲ

ಹಾಸಿಗೆ ಅಂಗಡಿಯ ಯಜಮಾನರ ಹತ್ತಿರ ಒಂದು ಕಥೆಯಿತ್ತು. ದಿಂಬು ಕೊಳ್ಳಲು ಬಂದವರಿಗೂ ಅದೇ ಕಥೆ, ವಿಳಾಸ ಕೇಳಲು ನಿಂತವರಿಗೂ ಅದೇ, ಕರೆಂಟ್ ಮೀಟರ್ ನೋಡಲು ಬಂದವನಿಗೂ ಅದೇ. "ಮನೆಯವರು ಹೇಗಿದ್ದಾರೆ?" ಎಂದು ಯಾರಾದರೂ ಗೊತ್ತಿಲ್ಲದೆ ಬಾಯಿಬಿಟ್ಟರೆ ಸಾಕು, ಕೈಯಲ್ಲಿದ್ದ ದಬ್ಬಳವನ್ನು ಹಾಸಿಗೆಯ ಅಂಚಿಗೆ ಚುಚ್ಚಿಟ್ಟು ಶುರು ಮಾಡಿಬಿಡುತ್ತಿದ್ದರು.

"ಅಡುಗೆಮನೆಯಲ್ಲಿ ಬಿದ್ದಳು ನೋಡಿ. ಪಾತ್ರೆ ಬಿದ್ದ ಸದ್ದಾಯ್ತು ಅಂತ ಹೋದೆ, ಉಸಿರೇ ಇರಲಿಲ್ಲ. ಆದ್ರೆ ನಾನು ಅವಳನ್ನ ತಣ್ಣನೆ ನೆಲದ ಮೇಲೆ ಬಿಡ್ಲಿಲ್ಲ. ಎತ್ತಿಕೊಂಡು ಹೋಗಿ ನಾನೇ ಹೊಲಿದ ಹಾಸಿಗೆ ಮೇಲೆ ಮಲಗಿಸಿದೆ. ಆಂಬುಲೆನ್ಸ್ ಬರೋ ತನಕ ಎದೆ ಒತ್ತಿದೆ. ರಟ್ಟೆ ಬಿದ್ದುಹೋಗೋ ಹಾಗೆ ಒತ್ತಿದೆ. ನನ್ನ ಕೈಲಾದದ್ದೆಲ್ಲ ಮಾಡಿದೆ. ಅವಳ ಆಯಸ್ಸೇ ಅಷ್ಟಿತ್ತು."

ಇಲ್ಲಿಗೆ ಬಂದಾಗ ಅವರು ಒಳಗೆ ಹೊಲಿಗೆ ಯಂತ್ರದ ಮುಂದೆ ಕೂತ ಮಗಳ ಕಡೆ ತಿರುಗುತ್ತಿದ್ದರು. "ಏನೇ ಪುಟ್ಟಿ?"

"ಹೂಂ ಅಪ್ಪ. ನಿನ್ನ ಕೈಲಾದದ್ದೆಲ್ಲ ಮಾಡಿದೆ."

ಈ "ಹೂಂ ಅಪ್ಪ" ಎಂಬ ಎರಡು ಮಾತು ಆ ಮಗಳಿಗೆ ಎಷ್ಟು ಭಾರವಾಗಿತ್ತು ಎಂಬುದು ಕೇಳಿದವರಾರಿಗೂ ಗೊತ್ತಾಗುತ್ತಿರಲಿಲ್ಲ. ಗೊತ್ತಾಗಲು ಅವರೇನು ಕಥೆ ಕೇಳಲು ಬಂದವರೇ? ದಿಂಬು ಕೊಳ್ಳಲು ಬಂದವರು.

ಪುಟ್ಟಿ ಎಂಬುದು ಹೆಸರಿಗಷ್ಟೇ. ಕಿವಿಯ ಹತ್ತಿರ ಕೂದಲು ನರೆತಿತ್ತು, ದಾರ ಪೋಣಿಸಲು ಕನ್ನಡಕ ಬೇಕಾಗಿತ್ತು. ಮದುವೆಯಾಗಿ, ಅದು ಕೂಡಿಬರದೆ, ಒಂದು ಪೆಟ್ಟಿಗೆಯ ಜೊತೆ ತವರಿಗೆ ವಾಪಸಾದವಳು. ಬಂದವಳು ಸುಮ್ಮನೆ ಕೂರಲಿಲ್ಲ. ಒಂದು ಶಾಲೆಯ ವ್ಯಾನಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಕೆಲಸ ಹಿಡಿದಳು. ನಾಲಿಗೆ ಸ್ವಲ್ಪ ಚುರುಕು, ಮನಸ್ಸಿನಲ್ಲಿ ಒಂದು ಮಾತೂ ನಿಲ್ಲುತ್ತಿರಲಿಲ್ಲ. ಚಿಕ್ಕವಳಿದ್ದಾಗ ಗಿರಾಕಿಯೊಬ್ಬರ ಮುಂದೆ, "ಇದ್ರಲ್ಲಿ ಹಳೇ ಹತ್ತಿನೂ ಇದೆ, ಮೇಲ್ಗಡೆ ಮಾತ್ರ ಹೊಸದು," ಎಂದು ಅಂದುಬಿಟ್ಟು ಅಪ್ಪನ ಕೈಯಿಂದ ಬೆನ್ನಿಗೆ ಸರಿಯಾಗಿ ಬಿಸಿ ಮುಟ್ಟಿಸಿಕೊಂಡವಳು. "ಇವಳ ಹೊಟ್ಟೆಯಲ್ಲಿ ಸಾಸಿವೆ ಕಾಳಷ್ಟು ಗುಟ್ಟೂ ನಿಲ್ಲಲ್ಲ," ಎಂದು ಅಮ್ಮ ನಗುತ್ತಿದ್ದಳು. ಅದೇ ಹೊಟ್ಟೆಯಲ್ಲಿ ಅವಳು ಅಮ್ಮನ ಸಾವಿನ ಗುಟ್ಟನ್ನು ಇಟ್ಟುಕೊಳ್ಳಬೇಕಾಯಿತು.

ಆವತ್ತು ಅವಳು ಮಕ್ಕಳನ್ನೆಲ್ಲ ಇಳಿಸಿ ಮನೆಗೆ ಬರುವಾಗ ಬಾಗಿಲಲ್ಲಿ ಆಂಬುಲೆನ್ಸ್ ನಿಂತಿತ್ತು. ಅಪ್ಪನನ್ನು ನೆರೆಯವರು ಹೊರಗೆ ಮೆಟ್ಟಿಲ ಮೇಲೆ ಕೂರಿಸಿ ಕೈಗೆ ನೀರಿನ ಲೋಟ ಕೊಟ್ಟಿದ್ದರು. ಅದರ ನೀರೆಲ್ಲ ಅವರ ಮಂಡಿಯ ಮೇಲೆ ಚೆಲ್ಲಿತ್ತು. ಅವಳು ಒಳಗೆ ನುಗ್ಗಿದಾಗ ಆಂಬುಲೆನ್ಸಿನ ಇಬ್ಬರು ಅಮ್ಮನನ್ನು ಮಂಚದಿಂದ ಎತ್ತಿ ಕೆಳಗೆ ನೆಲದ ಮೇಲೆ ಮಲಗಿಸುತ್ತಿದ್ದರು. ಅವರು ಮಾಡಿದ ಮೊದಲ ಕೆಲಸವೇ ಅದು. ಹಿರಿಯವನು ಮಂಚದ ಮೇಲಿದ್ದ ದಪ್ಪನೆಯ ಹಾಸಿಗೆಯನ್ನು ಒಂದು ಸಲ ಕೈಯಿಂದ ಅದುಮಿ ನೋಡಿದ. ಬೆನ್ನುನೋವಿನ ಹೆಂಡತಿಗೆಂದು ಯಜಮಾನರು ಎಳೆ ಹತ್ತಿಯನ್ನೇ ಆರಿಸಿ, ಎರಡು ಪದರ ಹಾಕಿ ಹೊಲಿದ ಹಾಸಿಗೆ ಅದು. ಅವನ ಕೈ ಮಣಿಕಟ್ಟಿನವರೆಗೆ ಇಳಿಯಿತು.

"ಇದರ ಮೇಲೇ ಒತ್ತುತ್ತಿದ್ರಾ?" ಎಂದು ಕೇಳಿದ. ಬಾಗಿಲಲ್ಲಿದ್ದ ನೆರೆಯವರು ಹೌದೆಂದರು. ಅವನು ಕೆಲಸಕ್ಕೆ ಬಿದ್ದ. ತುಂಬ ಹೊತ್ತು ಒತ್ತಿದರು, ಎದೆಗೆ ಶಾಕ್ ಕೊಡುವ ಯಂತ್ರ ಹಚ್ಚಿದರು, ಮತ್ತೆ ಒತ್ತಿದರು. ಕೊನೆಗೆ ಎದ್ದು ನಿಂತು ಕೈಗವಸು ಬಿಚ್ಚಿದರು.

ಗಾಡಿಯ ಹಿಂದೆ ಅವಳು ಆ ಹಿರಿಯವನನ್ನು ಹಿಡಿದು ನಿಲ್ಲಿಸಿದಳು. "ನೆಲದ ಮೇಲೆ ಒತ್ತಿದ್ರೆ ಬದುಕ್ತಿದ್ರಾ?"

ಅವನು ತಪ್ಪಿಸಿಕೊಳ್ಳಲು ನೋಡಿದ, ಆಗಲಿಲ್ಲ. "ಬದುಕ್ತಿದ್ರು ಅಂತಾನೂ ಹೇಳಲ್ಲಮ್ಮ, ಇಲ್ಲ ಅಂತಾನೂ ಹೇಳಲ್ಲ. ಮೆತ್ತನೆ ಜಾಗದಲ್ಲಿ ಒತ್ತಿದ್ರೆ ಅದು ಎದೆಗೆ ತಲುಪಲ್ಲ. ಹಾಸಿಗೆನೇ ನುಂಗಿಬಿಡುತ್ತೆ. ಪಾಪ, ಅವರಿಗೇನು ಗೊತ್ತು."

"ಅಪ್ಪಂಗೆ ಹೇಳ್ಬೇಡಿ."

"ನಾನ್ಯಾಕೆ ಹೇಳ್ಲಿ," ಎಂದು ಅವನು ಗಾಡಿ ಹತ್ತಿದ.

ಅಲ್ಲಿಂದ ಶುರುವಾಯಿತು ಅವಳ ಕಾವಲು. ಶಾಲೆಯಲ್ಲಿ ವ್ಯಾನಿನವರಿಗೆಲ್ಲ ಒಂದು ದಿನ ಪ್ರಥಮ ಚಿಕಿತ್ಸೆಯ ತರಬೇತಿ ಇಟ್ಟಾಗ ಅವಳೇ ಮೊದಲು ಹೋಗಿ ಕೂತಳು. ರಬ್ಬರಿನ ಗೊಂಬೆ ಇಟ್ಟುಕೊಂಡು ಕಲಿಸುತ್ತಿದ್ದವರು, "ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ ಅಂಗೈಯ ಬುಡ ಇಡಿ, ಮೊಣಕೈ ಮಡಚಬೇಡಿ," ಎಂದು ಹೇಳುತ್ತ ಹೋದರು. ಅವಳ ಸರದಿ ಬಂದಾಗ ಅವಳು ಒತ್ತಿದ ರಭಸಕ್ಕೆ, "ಸಾಕಮ್ಮಾ, ಗೊಂಬೆ ನಮ್ಮದಲ್ಲ, ವಾಪಸ್ ಕೊಡ್ಬೇಕು," ಎಂದರು. ಎಲ್ಲರೂ ನಕ್ಕರು. ಅವಳು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತು ಬಂದಳು.

ಆಮೇಲೆ ವ್ಯಾನಿನ ಕೆಲಸ ಬಿಟ್ಟು ಅಂಗಡಿಯಲ್ಲೇ ಹಾಸಿಗೆ ದಿಂಬುಗಳ ಗವಸು ಹೊಲಿಯಲು ಕೂತಳು. ಅಪ್ಪನಿಗೆ ವಯಸ್ಸಾಯಿತು ಎಂಬುದು ಊರಿಗೆ ಹೇಳಿದ ಕಾರಣ. ಅಪ್ಪ ಹೋದಬಂದವರಿಗೆಲ್ಲ ಕಥೆ ಹೇಳುತ್ತಾರೆ, ಕೇಳಿದವರಲ್ಲಿ ಒಬ್ಬ ತಿಳಿದವನು ಸಾಕು, ಎಲ್ಲ ಮುಗಿದಂತೆಯೇ ಎಂಬುದು ನಿಜವಾದ ಕಾರಣ. ಒಮ್ಮೆ ಒಬ್ಬ ನರ್ಸ್ ದಿಂಬು ನೋಡಲು ಬಂದಾಗ, ಅಪ್ಪ ದಬ್ಬಳ ಚುಚ್ಚಿಡುವಷ್ಟರಲ್ಲೇ ಇವಳು ಎದ್ದು ಬಂದು, "ನೀವು ಕೇಳಿದ ಬಣ್ಣ ಇಲ್ಲ ಮೇಡಂ, ಬೇರೆ ಅಂಗಡಿ ನೋಡಿ," ಎಂದು ಹೊರಗೆ ದಾಟಿಸಿದ್ದಳು. ಆ ನರ್ಸ್ ಬಣ್ಣದ ಮಾತೇ ಎತ್ತಿರಲಿಲ್ಲ. "ಗಿರಾಕಿನ ಹಿಂಗೆ ಓಡಿಸಿದ್ರೆ ಹೊಟ್ಟೆಗೆ ಹತ್ತಿ ತಿನ್ನೋಣ," ಎಂದು ಅಪ್ಪ ಎರಡು ದಿನ ಗೊಣಗಿದರು. ಗೊಣಗಲಿ, ಅದಕ್ಕೇನಂತೆ. ಗೊಣಗುವಷ್ಟು ಜೀವ ಅವರಲ್ಲಿ ಉಳಿದಿದ್ದೇ ಆ ಕಥೆಯಿಂದ. ಹೆಂಡತಿ ಸತ್ತ ಹಾಸಿಗೆಯ ಮೇಲೆಯೇ ಅವರು ದಿನವೂ ಮಲಗುತ್ತಿದ್ದರು, ನಿದ್ದೆಯೂ ಬರುತ್ತಿತ್ತು. ಆ ನಿದ್ದೆಯನ್ನು ಕಾಯುವುದೇ ಮಗಳ ಬದುಕಾಗಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಒಬ್ಬ ಬಸ್ ಡ್ರೈವರ್ ಹೆಂಡತಿಯ ಜೊತೆ ಅಂಗಡಿಗೆ ಬಂದ. ದಪ್ಪನೆಯ ಆಸಾಮಿ, ಬಾಯ್ತುಂಬ ಮಾತು. ದಿನವಿಡೀ ಸ್ಟೇರಿಂಗ್ ಹಿಡಿದು ಸೊಂಟ ಹೋಗಿದೆ, ಒಳ್ಳೆಯ ಹಾಸಿಗೆ ಬೇಕು ಎಂದ. ಯಜಮಾನರು ಹುರುಪಿನಿಂದ ಅವನನ್ನು ಮುಂದಿನ ಹಲಗೆಮಂಚದ ಬಳಿ ಕರೆದೊಯ್ದರು. "ಸ್ಪಂಜಿನ ಹಾಸಿಗೆ ಅಂಗಡಿಗೆ ಹೋದ್ರೆ ಮುಟ್ಟಿ ನೋಡಿ ಅಂತಾರೆ ಅಷ್ಟೆ. ನಾವು ಮಲಗಿ ನೋಡಿ ಅಂತೀವಿ."

ಅವನು ಚಪ್ಪಲಿ ಬಿಟ್ಟು ಮಲಗಿದ. "ಆಹಾ. ಯಜಮಾನ್ರೇ, ನಾನಿನ್ನು ಏಳಲ್ಲ, ಇವಳನ್ನ ಕರ್ಕೊಂಡು ವ್ಯಾಪಾರ ಮುಗಿಸಿ," ಎಂದು ಕಣ್ಣು ಮುಚ್ಚಿದ. ಹೆಂಡತಿ ಗವಸಿನ ಬಟ್ಟೆ ಆರಿಸಲು ಒಳಗೆ ಬಂದಳು. ಅವಳು ನೀಲಿಯೋ ಹಸಿರೋ ಎಂದು ನೋಡುತ್ತಿರುವಾಗ ಹೊರಗಿನಿಂದ ಗೊರಕೆ ಕೇಳಿಸಿತು.

"ನೋಡಿದ್ರಾ, ಬಿದ್ದಲ್ಲೇ ನಿದ್ದೆ. ಮಾನ ತೆಗೀತಾರೆ ಇವ್ರು," ಎಂದು ಹೆಂಡತಿ ನಕ್ಕಳು.

"ಅದು ಹಾಸಿಗೆ ಮಹಿಮೆ ತಾಯಿ," ಎಂದರು ಯಜಮಾನರು. ಅವರ ಮುಖ ಅರಳಿತ್ತು.

ಮಗಳ ಕಾಲು ಹೊಲಿಗೆ ಯಂತ್ರದ ಪೆಡಲಿನ ಮೇಲೆ ನಿಂತುಬಿಟ್ಟಿತು. ಗೊರಕೆಗೆ ಒಂದು ಲಯವಿರುತ್ತದೆ. ಇದಕ್ಕೆ ಇರಲಿಲ್ಲ. ಒಂದು ಸಲ ಎಳೆದು, ನಿಂತು, ಇನ್ನು ಬರುವುದಿಲ್ಲ ಎನ್ನುವಷ್ಟು ಹೊತ್ತಾದ ಮೇಲೆ ಮತ್ತೊಂದು. ಎದೆಬಡಿತ ನಿಂತವರೂ ಸ್ವಲ್ಪ ಹೊತ್ತು ಹೀಗೆ ಎಳೆಯುತ್ತಾರೆ, ಅದನ್ನು ಉಸಿರು ಎಂದುಕೊಂಡು ಮೋಸಹೋಗಬೇಡಿ ಎಂದು ಗೊಂಬೆಯವರು ಹೇಳಿದ್ದರು. ಅವಳು ಓಡಿಬಂದು ಅವನ ಭುಜ ಹಿಡಿದು ಅಲ್ಲಾಡಿಸಿದಳು. "ಅಣ್ಣಾ! ಅಣ್ಣಾ!" ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಕೈ ಜಾರಿ ಕೆಳಗೆ ಬಿತ್ತು.

"ಇದು ಗೊರಕೆ ಅಲ್ಲ. ಆಂಬುಲೆನ್ಸಿಗೆ ಫೋನ್ ಮಾಡಿ!"

ಹೆಂಡತಿ ಕಿರುಚಿದಳು. ಪಕ್ಕದ ಜೆರಾಕ್ಸ್ ಅಂಗಡಿಯ ಹೆಂಗಸು ಫೋನ್ ಹಿಡಿದೇ ಬಂದಳು, ಎದುರಿನ ಸೈಕಲ್ ಅಂಗಡಿಯವನು ಗ್ರೀಸ್ ಕೈಯಲ್ಲೇ ಬಂದ. ಅವರ ಹಿಂದೆ ಊರೇ ಬಂತು. ನೀರು ಕುಡಿಸಿ ಎಂದವನೊಬ್ಬ, ಗಾಳಿ ಬಿಡಿ ಎಂದು ತಾನೇ ಗಾಳಿಗೆ ಅಡ್ಡ ನಿಂತವನೊಬ್ಬ, ಫೋನು ಮೇಲೆತ್ತಿ ಚಿತ್ರ ಹಿಡಿಯುತ್ತಿದ್ದ ಪುಣ್ಯಾತ್ಮನೊಬ್ಬ. ಇವರ ನಡುವೆ ಯಜಮಾನರು ಮಾತ್ರ ಒಂದು ಕ್ಷಣವೂ ಸುಮ್ಮನೆ ನಿಲ್ಲಲಿಲ್ಲ. ಮಂಚ ಹತ್ತಿ ಮಂಡಿಯೂರಿ, ಡ್ರೈವರನ ಎದೆಯ ಮೇಲೆ ಎರಡೂ ಕೈ ಇಟ್ಟು ಒತ್ತತೊಡಗಿದರು. ಗೊತ್ತಿದ್ದ ಕೆಲಸವಲ್ಲವೇ? ಒಮ್ಮೆ ಮಾಡಿದವರಲ್ಲವೇ?

ಮಗಳು ನೋಡಿದಳು. ಅಪ್ಪ ಒತ್ತಿದಾಗಲೆಲ್ಲ ಡ್ರೈವರ್ ಇಡಿಯಾಗಿ ಹತ್ತಿಯೊಳಗೆ ಮುಳುಗಿ ಮೇಲೇಳುತ್ತಿದ್ದ. ಅಮ್ಮನೂ ಹೀಗೆಯೇ ಮುಳುಗಿ ಎದ್ದಿರಬೇಕು. ಬಾಯಿ ತೆರೆದರೆ ಅಪ್ಪನನ್ನು ಕೊಲ್ಲುತ್ತೇನೆ, ತೆರೆಯದಿದ್ದರೆ ಇವನನ್ನು. ಇಷ್ಟು ದಿನ ಹೊಟ್ಟೆಯಲ್ಲಿ ಕಲ್ಲು ಕಟ್ಟಿಕೊಂಡಂತೆ ಕಾಪಾಡಿದ್ದೆಲ್ಲ ಈಗ ಒಡೆಯಲು ಒಂದು ಉಸಿರಿನ ದೂರದಲ್ಲಿತ್ತು, ಆ ಉಸಿರೂ ಅವಳದ್ದಲ್ಲ, ಮಂಚದ ಮೇಲಿದ್ದವನದು. ಬಟ್ಟೆ ಹಿಡಿದೇ ಅಳುತ್ತಿದ್ದ ಹೆಂಡತಿಯ ಕಡೆ ನೋಡಿದಳು.

"ಅಪ್ಪ, ಕೆಳಗಿಳಿಸು ಅವರನ್ನ. ನೆಲದ ಮೇಲೆ."

"ನೆಲ ತಣ್ಣಗಿದೆ ಕಣೇ. ಇಲ್ಲೇ ಇರ್ಲಿ, ನಿಮ್ಮಮ್ಮಂಗೂ ಹಿಂಗೇ..."

"ಹಾಸಿಗೆ ಮೇಲೆ ಒತ್ತಿದ್ರೆ ಹತ್ತಿ ಇಳಿಯುತ್ತೆ ಅಪ್ಪ, ಎದೆ ಇಳಿಯಲ್ಲ! ಇಳಿಸು!"

ಯಜಮಾನರ ಕೈ ನಿಂತಿತು. ಸೈಕಲ್ ಅಂಗಡಿಯವನು ಡ್ರೈವರನ ಕಾಲು ಹಿಡಿದ, ಅವಳು ಕಂಕುಳಿಗೆ ಕೈ ಕೊಟ್ಟಳು, ದರದರನೆ ಎಳೆದು ನೆಲಕ್ಕೆ ಹಾಕಿದರು. "ಅಯ್ಯೋ, ಹೆಣ ಎಳೆದಂಗೆ ಎಳೀತಾರಲ್ಲ," ಎಂದರು ಯಾರೋ. ಅವಳು ಒತ್ತಲು ಶುರು ಮಾಡಿದಳು. ಮೂರ್ನಾಲ್ಕು ಸಲಕ್ಕೇ ಒಳಗೆ ಎಲುಬು ಪಟ್ಟೆಂದಿತು, ಹೆಂಡತಿ ಬಾಯಿಗೆ ಬಟ್ಟೆ ತುರುಕಿಕೊಂಡಳು. ಇವಳು ನಿಲ್ಲಿಸಲಿಲ್ಲ. ಬೆವರು ಕನ್ನಡಕದ ಮೇಲೆ ಇಳಿದು ಏನೂ ಕಾಣದಾಯಿತು, ತೋಳು ಸೋತಿತು. ಸೈಕಲ್ ಅಂಗಡಿಯವನು ಒತ್ತಿದ, ಜೆರಾಕ್ಸ್ ಅಂಗಡಿಯ ಹೆಂಗಸು ಒತ್ತಿದಳು. ಆ ಹೆಂಗಸು ಸಾಕಾಗಿ ತಲೆಯೆತ್ತಿದಾಗ ಯಜಮಾನರು ಯಾರೂ ಕರೆಯದೆಯೇ ಬಂದು ಅವಳ ಪಕ್ಕದಲ್ಲಿ ಮಂಡಿಯೂರಿದರು.

ಅವರದು ಕಸುಬಿನ ಕೈ. ಕಣ್ಣು ಮುಚ್ಚಿ ಹಾಸಿಗೆ ಒತ್ತಿದರೆ ಒಳಗಿನ ಹತ್ತಿ ಹಳೆಯದೋ ಹೊಸದೋ, ಎಲ್ಲಿ ಗಂಟು ಕಟ್ಟಿದೆ ಎಂದು ಹೇಳಬಲ್ಲ ಕೈ. ಆ ಕೈ ಈಗ ಡ್ರೈವರನ ಎದೆಯನ್ನು ಒತ್ತಿತು. ಎದೆ ಇಳಿಯಿತು. ಬಿಟ್ಟಾಗ ಮೇಲೆದ್ದು ಕೈಯನ್ನು ತಳ್ಳಿತು. ಮತ್ತೆ ಇಳಿಯಿತು. ಯಜಮಾನರು ಒತ್ತುತ್ತಲೇ ತಲೆ ತಿರುಗಿಸಿ ಮಗಳನ್ನು ನೋಡಿದರು. ಅವಳು ಮುಖ ತಗ್ಗಿಸಿದಳು. ಅವರು ಆಂಬುಲೆನ್ಸ್ ಬರುವ ತನಕ ಕೈ ಬಿಡಲಿಲ್ಲ.

ಡ್ರೈವರ್ ಬದುಕಿದ. ಯಂತ್ರದ ಏಟು ಬಿದ್ದ ಮೇಲೆ ನಾಡಿ ಸಿಕ್ಕಿತು ಎಂದು ಆಂಬುಲೆನ್ಸಿನವರು ಅಲ್ಲೇ ಹೇಳಿದರು. ಜನ ಚಪ್ಪಾಳೆ ತಟ್ಟಿದರು. ಚಿತ್ರ ಹಿಡಿದವನಂತೂ ತಾನೇ ಬದುಕಿಸಿದವನ ಹಾಗೆ ಎದೆಯುಬ್ಬಿಸಿ ಹೋದ.

ಅಂಗಡಿ ಖಾಲಿಯಾದ ಮೇಲೆ ಯಜಮಾನರು ಕೇಳಿದರು. "ಯಾವಾಗಿಂದ ಗೊತ್ತು?"

ಸುಳ್ಳು ಹೇಳಲು ಅವಳಲ್ಲಿ ತ್ರಾಣವಿರಲಿಲ್ಲ. "ಆವತ್ತಿಂದ."

ಅವರು ಬೈಯುತ್ತಾರೆ, ಕೂಗಾಡುತ್ತಾರೆ ಎಂದು ಕಾದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. "ನೆಲದ ಮೇಲಾದ್ರೂ ಬದುಕ್ತಿದ್ಲು ಅಂತ ಹೇಳೋಕಾಗಲ್ಲ ಅಂದ್ರು ಅಪ್ಪ, ಆ ಆಂಬುಲೆನ್ಸಿನವರೇ ಅಂದ್ರು," ಎಂದಳು. ಅವರು ತಲೆಯಾಡಿಸಿ, ಹಲಗೆಮಂಚದ ಮೇಲೆ ಡ್ರೈವರ್ ಮಲಗಿದ್ದ ಗುಳಿಯನ್ನು ಕೈಯಿಂದ ತಟ್ಟಿ ತಟ್ಟಿ ಸಮ ಮಾಡಿದರು.

ಮಾರನೆಯ ದಿನ ಬೆಳಗ್ಗೆ ಮನೆಯ ಅಂಗಳದಲ್ಲಿ ಅಮ್ಮನ ಹಾಸಿಗೆ ಬಿಚ್ಚಿ ಬಿದ್ದಿತ್ತು. ಅಪ್ಪ ಹೊಲಿಗೆಯನ್ನೆಲ್ಲ ಕಿತ್ತು, ಎಳೆ ಹತ್ತಿಯನ್ನು ರಾಶಿ ಹಾಕಿ ಅದರ ಮುಂದೆ ಕೂತಿದ್ದರು. ಅದನ್ನು ಹಿಂಜಲೂ ಇಲ್ಲ, ಬಿಸಾಕಲೂ ಇಲ್ಲ, ಯಾರಿಗೂ ಕೊಡಲೂ ಇಲ್ಲ. ಮೂಟೆ ಕಟ್ಟಿ ಮೂಲೆಗಿಟ್ಟರು. ಅವತ್ತಿನಿಂದ ಅವರು ನೆಲದ ಮೇಲೆ ಬರಿ ಚಾಪೆಯಲ್ಲಿ ಮಲಗತೊಡಗಿದರು. ನಿದ್ದೆ ಮಾಡುತ್ತಿದ್ದರೋ ಇಲ್ಲವೋ, ಗೊರಕೆಯಂತೂ ಕೇಳುತ್ತಿರಲಿಲ್ಲ. ಅಂಗಡಿಯಲ್ಲಿ ಕಥೆ ನಿಂತುಹೋಯಿತು. ಮೀಟರಿನವನು ಬಂದು ಹೋದ, ದಬ್ಬಳ ಕೈಯಲ್ಲೇ ಇತ್ತು.

ಡ್ರೈವರನ ಹೆಂಡತಿ ಒಂದು ದಿನ ಹಣ್ಣಿನ ಚೀಲ ಹಿಡಿದು ಬಂದಳು. ಗಂಡ ಮನೆಗೆ ಬಂದಿದ್ದಾನೆ, ಎಲುಬು ಕೂಡುವ ತನಕ ಕೆಮ್ಮಲೂ ಹೆದರುತ್ತಾನೆ, ಆದರೆ ಬೈಗುಳ ಮಾತ್ರ ಮೊದಲಿನಂತೆಯೇ ಇದೆ ಎಂದು ಅಳುತ್ತ ನಗುತ್ತ ಹೇಳಿದಳು. ಯಜಮಾನರ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. "ಈ ಕೈಗಳನ್ನ ದೇವರು ತಣ್ಣಗಿಟ್ಟಿರ್ಲಿ. ನಿಮ್ಮ ಮನೆಯವರನ್ನೂ ಕರೀರಿ, ಅವರಿಗೂ ಒಂದು ಮಾತು ಹೇಳಿ ಹೋಗ್ತೀನಿ."

ಮಗಳ ಯಂತ್ರ ನಿಂತಿತು. ಯಜಮಾನರು ಅಭ್ಯಾಸದಂತೆ ದಬ್ಬಳವನ್ನು ಹಾಸಿಗೆಯ ಅಂಚಿಗೆ ಚುಚ್ಚಿಟ್ಟರು.

"ಇಲ್ಲಮ್ಮ, ಅವಳು ಹೋದಳು. ಅಡುಗೆಮನೆಯಲ್ಲಿ ಬಿದ್ದಳು. ಪಾತ್ರೆ ಬಿದ್ದ ಸದ್ದಾಯ್ತು ಅಂತ ಹೋದೆ. ನಾನು ಅವಳನ್ನ..." ಅಲ್ಲಿಗೆ ನಿಂತರು. ಆ ಹೆಂಗಸು ಮುಂದಿನ ಮಾತಿಗೆ ಕಾದು ನಿಂತಿದ್ದಳು. ಅವರು ತಮ್ಮ ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು.

"ನೆಲದ ಮೇಲೆ ಬಿದ್ದಿದ್ದಳಮ್ಮ," ಎಂದರು. "ಸರಿಯಾದ ಜಾಗದಲ್ಲೇ ಬಿದ್ದಿದ್ದಳು."

ಮತ್ತೆ ಅಭ್ಯಾಸದಂತೆ ಮಗಳ ಕಡೆ ತಿರುಗಿದರು. ಅವಳಿಗೆ ಹೂಂ ಎನ್ನಲು ಬಾಯಿ ಬರಲಿಲ್ಲ.