ಎಲ್ಡಾ ಯಾರಿಗೆ ನಕ್ಕಳು

ಇಟಲಿಯ ಕಡಲತಡಿಯ ನಮ್ಮ ಕ್ಯೊಜ್ಜಾದಲ್ಲಿ ಮೀನು ಮಾರುವವರು ಬೇಕಾದಷ್ಟು ಮಂದಿ. ಮಾರುತ್ತಲೇ ಗಿರಾಕಿಗಳನ್ನು ನಗಿಸುವವನು ಅಲ್ವಿಸೆ ಒಬ್ಬನೇ. ಕಾರ್ನಿವಲ್ ಹಬ್ಬ ಬಂತೆಂದರೆ ಚರ್ಚಿನ ಸಭಾಂಗಣದಲ್ಲಿ ಆಡುವ ಹಳೆಯ ಪ್ರಹಸನದಲ್ಲಿ ತೊಗಲಿನ ಮುಖವಾಡ ತೊಟ್ಟ ಆಳಿನ ಪಾತ್ರವೂ ಅವನದೇ. ಗಂಡುವೇಷದಲ್ಲಿ ಬರುವ ಹುಡುಗಿ, ಅವಳನ್ನು ಗಂಡೆಂದೇ ನಂಬಿ ಮದುವೆಗೆ ಹಟ ಹಿಡಿಯುವ ಇನ್ನೊಬ್ಬಳು, ನಡುವೆ ನುಗ್ಗಿ ಎಲ್ಲವನ್ನೂ ಎಡವಟ್ಟು ಮಾಡುವ ಹೊಟ್ಟೆಬಾಕ ಆಳು. ಕಥೆ ಊರಿಗೆಲ್ಲ ಬಾಯಿಪಾಠ, ಆದರೂ ಪ್ರತಿ ವರ್ಷ ಬಿದ್ದು ಬಿದ್ದು ನಗುತ್ತೇವೆ. ನಾಟಕದವರ ಉಡುಪು ಹೊಲಿಯುವವಳು ನಾನು.

ಅಲ್ವಿಸೆಯ ಹೆಂಡತಿ ಎಲ್ಡಾ ವೇದಿಕೆಯ ಮುಂದಿನ ಗೂಡಿನಲ್ಲಿ ಪುಸ್ತಕ ಹಿಡಿದು ಕುಳಿತು, ಮಾತು ಮರೆತವರಿಗೆ ಪಿಸುದನಿಯಲ್ಲಿ ಹೇಳಿಕೊಡುತ್ತಿದ್ದಳು. ಮರೆಯುವವನು ಹೆಚ್ಚಾಗಿ ಅವಳ ಗಂಡನೇ.

ಈ ವರ್ಷ ಅವನ ಮಂಡಿಗೆ ಶಸ್ತ್ರಚಿಕಿತ್ಸೆಯಾಯಿತು. ಲಾಗ ಹಾಕುವ ಹಾಗಿಲ್ಲ ಎಂದರು ಡಾಕ್ಟರು. ಪಾತ್ರ ಬೇಕರಿಯ ಮೊರೆನೊಗೆ ಹೋಯಿತು. ಅವನಿಗೋ ಎಳೆಯ ವಯಸ್ಸು, ಚುರುಕು ನೆನಪು. ಹೇಳಿಕೊಡುವವರೇ ಬೇಡ ಎಂದುಬಿಟ್ಟ. ಹೀಗಾಗಿ ಗಂಡ ಹೆಂಡತಿ ಮೊದಲ ಬಾರಿಗೆ ಪ್ರೇಕ್ಷಕರ ನಡುವೆ ಕುಳಿತರು. ಅವರ ಪಕ್ಕದಲ್ಲೇ ನಾನಿದ್ದೆ.

ಗಂಡುವೇಷದ ಹುಡುಗಿಗೆ ಗಡ್ಡ ಬೋಳಿಸಿಯೇ ತೀರುತ್ತೇನೆಂದು ಮೊರೆನೊ ಬಿಸಿನೀರಿನ ಬೋಗುಣಿ ಹಿಡಿದು ಅವಳ ಹಿಂದೆ ಓಡಿದ. ಎಲ್ಡಾ ನಕ್ಕಳು. ಹೊಟ್ಟೆ ಹಿಡಿದುಕೊಂಡು, ಕಣ್ಣೀರು ಒರೆಸಿಕೊಂಡು ನಕ್ಕಳು.

"ಅಂಥಾದ್ದೇನಿದೆ ಅದ್ರಲ್ಲಿ?" ಅಲ್ವಿಸೆ ಕೇಳಿದ.

"ಶ್, ಸುಮ್ನಿರು. ನೋಡೋಕೆ ಬಿಡು."

"ಬಿಸಿನೀರಿನ ತಮಾಷೆ ನಂದು ಕಣೆ. ಅವನಿಗೆ ನಾನೇ ಕಲಿಸಿದ್ದು."

"ಇರ್ಬೋದು ಮಾರಾಯ. ಆ ಗೂಡಲ್ಲಿ ಕೂತು ನಿನ್ನ ಬೂಟಿನ ಧೂಳು ತಿಂದಿದ್ದಾಯ್ತು. ಇವತ್ತಾದ್ರೂ ನಗ್ತೀನಿ."

ತನ್ನ ಆಟಕ್ಕೆ ಊರೆಲ್ಲ ನಕ್ಕಿದೆ, ಹೆಂಡತಿಯೊಬ್ಬಳು ಮಾತ್ರ ನಕ್ಕಿಲ್ಲ ಎಂಬುದು ಅವನಿಗೆ ಆಗ ಹೊಳೆದಿರಬೇಕು. ಹೊಟ್ಟೆಕಿಚ್ಚಿಗೆ ಕಿವಿಗಳು ಕೆಂಪಾದವು. ಮೊರೆನೊನ ಬೇಕರಿಯಿಂದ ತಂದ ಸಿಹಿಯುಂಡೆಯನ್ನು ಅವಳು ಕೊಟ್ಟರೆ ಮುಖ ತಿರುಗಿಸಿದ.

"ಅವನ ಕೈಯಿಂದ ಬಂದಿದ್ದು ಒಂದೂ ಬೇಡ ನನಗೆ."

ವಿರಾಮದಲ್ಲಿ ಅವನು ಎದ್ದು ಪರದೆಯ ಹಿಂದಕ್ಕೆ ನಡೆದ. ಜಗಳವಾದೀತೆಂದು ನಾನೂ ಹೋದೆ. ಮೊರೆನೊ ಮುಖವಾಡ ಕಳಚಿ, ಬೆವರಿನಲ್ಲಿ ತೊಯ್ದು ಏದುಸಿರು ಬಿಡುತ್ತಿದ್ದ.

"ಇದ್ರೊಳಗೆ ಉಸಿರಾಡೋದು ಹೆಂಗಪ್ಪಾ ಅಲ್ವಿಸೆ?"

"ನೀನು ಕೂತ್ಕೋ. ಕೊನೇ ಅಂಕದಲ್ಲಿ ಲಾಗ ಇಲ್ಲ, ನಾನು ಹೋಗ್ತೀನಿ. ಮುಖವಾಡದ ಹಿಂದೆ ಯಾರಿದ್ರೆ ಯಾರಿಗೆ ಗೊತ್ತಾಗುತ್ತೆ?"

"ಮಂಡಿ?"

"ಮಂಡಿ ನಂದು, ನಿಂಗೇನು?"

ಬೇಡ ಎನ್ನಬೇಕಿತ್ತು. ಅಲ್ವಿಸೆಯ ಮುಖ ನೋಡಿ ಮೊರೆನೊನ ಅಂಗಿಯನ್ನೇ ಅವನಿಗೆ ತೊಡಿಸಿ, ನಡು ಬಿಗಿದು ಕಟ್ಟಿದೆ. ನಮ್ಮ ಸಾಲಿಗೆ ಮರಳಿ, ಗಂಡ ಹೊರಗೆ ಸಿಗರೇಟು ಸೇದುತ್ತಿದ್ದಾನೆ ಎಂದು ಎಲ್ಡಾಗೆ ಸುಳ್ಳು ಹೇಳಿ ಕುಳಿತೆ.

ಅಲ್ವಿಸೆ ಬಂದ. ಸಭಾಂಗಣ ಹಾರಿಹೋಗುವಂಥ ನಗು. "ಮೊರೆನೊ ಎಷ್ಟು ಬೇಗ ಪಳಗಿಬಿಟ್ಟ ನೋಡು!" ಎಂದಿತು ಹಿಂದಿನ ಸಾಲು. ಅವನು ತನಗೆ ಗೊತ್ತಿದ್ದ ಚೇಷ್ಟೆಗಳನ್ನೆಲ್ಲ ನಮ್ಮ ಸಾಲಿನ ಕಡೆಗೇ ತಿರುಗಿ ಮಾಡಿದ. ಎಲ್ಡಾ ನಗಲಿಲ್ಲ. ಮುಂದಿನ ಕುರ್ಚಿಯನ್ನು ಎರಡೂ ಕೈಗಳಿಂದ ಹಿಡಿದಿದ್ದಳು. ತುಟಿಗಳು ಅಲುಗುತ್ತಿದ್ದವು. ಅವನ ಒಂದೊಂದು ಮಾತನ್ನೂ ಅವನಿಗಿಂತ ಮೊದಲೇ ಹೇಳುತ್ತಿದ್ದಳು.

ವಂದಿಸುವ ಹೊತ್ತಿಗೆ ಮಾತ್ರವೇ ಮುಖವಾಡ ಕಳಚುವುದು ನಮ್ಮಲ್ಲಿ ರೂಢಿ. ಅಷ್ಟರಲ್ಲಿ ಪರದೆಯ ಹಿಂದೆ ಇಬ್ಬರೂ ಮತ್ತೆ ಅದಲುಬದಲಾಗಿದ್ದರು; ಕಳಚಿ ನಿಂತವನು ಮೊರೆನೊ. ಅಷ್ಟೂ ಚಪ್ಪಾಳೆ ಅವನಿಗೇ ಹೋಯಿತು.

ಹೊರಬಾಗಿಲಲ್ಲಿ ಅಲ್ವಿಸೆ ಅವಳನ್ನು ತಡೆದ. "ಕೊನೇ ಅಂಕದಲ್ಲಿ ಯಾಕೆ ನಗ್ಲಿಲ್ಲ ನೀನು?"

"ಮೊದಲ ಹೆಜ್ಜೆಗೇ ಗೊತ್ತಾಯ್ತು ನೀನು ಅಂತ. ಮೊರೆನೊ ಮರೆತ್ರೆ ನನಗೇನು, ಬಿದ್ರೆ ನನಗೇನು? ಆರಾಮಾಗಿ ನಗ್ತೀನಿ. ನೀನು ಮೇಲೆ ಹತ್ತಿದ್ರೆ ನನ್ನ ಜೀವ ಬಾಯಿಗೆ ಬಂದಿರುತ್ತೆ. ಯಾವತ್ತೂ ಹಂಗೇ."

ಆ ಮಾತು ಕೇಳಿ ನನಗೇ ಹೊಟ್ಟೆಯುರಿಯಿತು. ನಾನು ಬಿದ್ದರೆ ಮೊದಲು ನಗುವವನು ನನ್ನ ಗಂಡ. ಅಲ್ವಿಸೆಗೆ ಮಾತ್ರ ಅದು ಸಾಲಲಿಲ್ಲ. ಜನ ಮುತ್ತಿಕೊಂಡಿದ್ದ ಮೊರೆನೊನನ್ನೇ ದುರುಗುಟ್ಟಿಕೊಂಡು ನೋಡಿದ.

"ಅವನಿಗೆ ನಕ್ಕ ಹಂಗೆ ನನಗೂ ಒಂದ್ಸಲ ನಕ್ಕುಬಿಡೆ. ಒಂದೇ ಸಲ."

ಎಲ್ಡಾ ನಗಲು ನೋಡಿದಳು. ಅಷ್ಟರಲ್ಲಿ ಅವನು ಮೆಟ್ಟಿಲಿಗೆ ಕಾಲಿಟ್ಟ.

"ಆ ಕಾಲಲ್ಲ, ಈ ಕಾಲು ಮೊದಲು," ಎಂದು ಪಿಸುಗುಟ್ಟಿ ತೋಳು ಹಿಡಿದಳು.