ಲೆನ್ಸಿನ ಹಿಂದಿನ ಮಬ್ಬು

ಹರಿದ ಬಟ್ಟೆಗೆ ಎಳೆ ಕೂಡಿಸಿ ರಫು ಮಾಡುವುದರಲ್ಲಿ ಆಕೆಯದು ಎತ್ತಿದ ಕೈ. ತೂತು ಎಲ್ಲಿತ್ತೆಂದು ಕೋಟಿನ ಒಡೆಯನೇ ತಡಕಾಡಬೇಕು, ಅಂಥ ಕೆಲಸ. ಓಣಿಗೆಲ್ಲ ಆಕೆ ರಫು ಅಕ್ಕ. ಅದೇ ಅಂಗಡಿಯ ಇನ್ನೊಂದು ಮಗ್ಗುಲಲ್ಲಿ ಗಂಡ ಇಸ್ತ್ರಿ ಮಾಡುತ್ತಿದ್ದ. ಆತ ಮಹಾ ಬಾಯಿಬಡುಕ. ಆಕೆ ದಾರ ಪೋಣಿಸಲು ಪರದಾಡಿದರೆ, "ಸೂಜಿಗೂ ನಿನ್ನ ಕಂಡ್ರೆ ಆಗಲ್ಲ ನೋಡು" ಎಂದು ಛೇಡಿಸುತ್ತಿದ್ದ. ಬಲಗಣ್ಣಿನ ಪೊರೆ ತೆಗೆಸಲು ಕರೆದುಕೊಂಡು ಹೋದವನೂ ಅವನೇ. ಪಟ್ಟಿ ಬಿಚ್ಚಿದ ದಿನ ಆಕೆ ಅವನ ಮುಖ ದಿಟ್ಟಿಸಿ, "ಅಯ್ಯೋ, ಇಷ್ಟು ಮುದುಕ ಆಗಿದೀರಾ?" ಎಂದಿದ್ದಳು. ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದರು.

ಮರುವರ್ಷ ಆತ ಇಸ್ತ್ರಿ ಮಾಡುತ್ತಿದ್ದವನು ನಿಂತಲ್ಲೇ ಕುಸಿದು ತೀರಿಕೊಂಡ. ಆಕೆಗೆ ಅಳು ಬರಲಿಲ್ಲ. ಬಂದವರು, "ಅತ್ತುಬಿಡಮ್ಮ, ಹಗುರ ಆಗುತ್ತೆ" ಎಂದರು. ಹೂಂ ಎಂದಳು. ಅವರೆಲ್ಲ ಹೋದಮೇಲೆ ಅಂಗಡಿ ಗುಡಿಸಿ ಕೆಲಸಕ್ಕೆ ಕೂತಳು.

ಅದಾದಮೇಲೆ ಕಣ್ಣಿಗೆ ನಿಧಾನವಾಗಿ ಮಸುಕು ಕವಿಯತೊಡಗಿತು. ಎದುರಂಗಡಿಯ ಬೋರ್ಡಿನ ಅಕ್ಷರಗಳು ಕಲಸಿಹೋದವು. ದೀಪ ಹಾಕಿದರೆ ಬೆಳಕು ಸುತ್ತಲೂ ರಾಚಿದಂತಾಗುತ್ತಿತ್ತು. ಎಡಗಣ್ಣು ಮೊದಲೇ ಮಂದ. ಬಲಗಣ್ಣಿನ ಪೊರೆ ತೆಗೆಸಿಯಾಗಿದೆ, ಆದ್ದರಿಂದ ಇದು ಕಣ್ಣಿನದಲ್ಲ, ದುಃಖ ಅಂದರೆ ಹೀಗೇ ಇರಬೇಕು ಎಂದುಕೊಂಡಳು. ಗಂಡ ಹೋದವಳಿಗೆ ಲೋಕ ಮಂಕಾಗಿ ಕಾಣದೆ ಇನ್ನು ಹೇಗೆ ಕಾಣಬೇಕು? ಯಾರಿಗೂ ಹೇಳಲಿಲ್ಲ. ನಿಜ ಹೇಳಬೇಕೆಂದರೆ ಅದೊಂದು ಆಸರೆಯೂ ಆಗಿತ್ತು. ಕಣ್ಣೀರು ಬಾರದಿದ್ದರೇನು, ಇದಾದರೂ ಇದೆಯಲ್ಲ.

ಒಂದು ಮಧ್ಯಾಹ್ನ ಬ್ಯಾಂಡ್ ಮೇಷ್ಟ್ರು ತಮ್ಮ ಕಡುನೀಲಿ ಕೋಟನ್ನು ವಾಪಸು ತಂದರು. ಹಳೇ ಗಿರಾಕಿ, ರೇಗಲು ಬಾಯಿ ಬರಲಿಲ್ಲ.

"ಅಕ್ಕಾ, ಇದು ನೀವೇ ಮಾಡಿದ್ದಾ?"

"ನಾನೇ. ಯಾಕೆ?"

"ನೀಲಿಗೆ ಕರಿ ದಾರ ಹಾಕಿದೀರಿ. ಎದೆ ಮೇಲೆ ಜಿರಲೆ ಕೂತ ಹಾಗಿದೆ."

ತಾಯಿಯನ್ನು ನೋಡಿಹೋಗಲು ಬಂದಿದ್ದ ಮಗಳು ಕೋಟು ಕಸಿದುಕೊಂಡು ನೋಡಿದಳು. ಆಮೇಲೆ ತಾಯಿಯ ಮುಖವನ್ನು ನೋಡಿದಳು. ಮರುದಿನವೇ ಆಸ್ಪತ್ರೆಗೆ ಎಳೆದುಕೊಂಡು ಹೋದಳು.

ಡಾಕ್ಟರಮ್ಮ ಪರೀಕ್ಷಿಸಿ, "ಪೊರೆ ಮತ್ತೆ ಬಂದಿಲ್ಲಮ್ಮ" ಎಂದರು. "ಪೊರೆ ತೆಗೆದು, ಅದಿದ್ದ ತೆಳ್ಳನೆ ಚೀಲದೊಳಗೇ ಲೆನ್ಸ್ ಇಡ್ತೀವಿ. ಚೀಲದಲ್ಲಿ ಒಂದಷ್ಟು ಜೀವಕೋಶ ಉಳ್ಕೊಂಡಿರ್ತವೆ. ಅವು ಬೆಳೆದು ಲೆನ್ಸಿನ ಹಿಂದಕ್ಕೆ ತೆವಳಿವೆ, ಹಿಂಬದಿ ಮಬ್ಬಾಗಿದೆ. ನಿಮ್ಮ ಲೆನ್ಸಿನ ಅಂಚು ದುಂಡಗಿದೆ, ಸಲೀಸಾಗಿ ದಾಟಿಬಿಟ್ಟಿವೆ. ಅಂಚು ಚೌಕವಾಗಿ ಕಡಿದ ಹಾಗಿದ್ರೆ, ಆ ಮೂಲೆ ಅವನ್ನ ಬಹಳ ಮಟ್ಟಿಗೆ ತಡೆಯುತ್ತೆ."

"ಹಾಗಾದ್ರೆ ಇದು ದುಃಖದಿಂದ ಬಂದಿದ್ದಲ್ವಾ?"

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಅಲ್ಲಮ್ಮ. ದುಃಖಕ್ಕೂ ಇದಕ್ಕೂ ಸಂಬಂಧ ಇಲ್ಲ."

ಹೂಂ ಎಂದಳು ಆಕೆ.

ಕಣ್ಣಿಗೆ ಹನಿ ಹಾಕಿ, ಉಪಕರಣದ ಮೇಲೆ ಗದ್ದ ಊರಿಸಿ ಕೂರಿಸಿದರು. ಮಬ್ಬಾದ ಪದರದ ನಡುವೆ ಲೇಸರಿನಿಂದ ಸಣ್ಣ ಕಿಂಡಿ ತೆರೆದರು. ಚಟ್ ಚಟ್ ಎಂಬ ಸದ್ದು ಬಿಟ್ಟರೆ ನೋವೇನಿಲ್ಲ. "ಮುಗೀತಾ?" ಎಂದು ಕೇಳುವಷ್ಟರಲ್ಲಿ ಮುಗಿದೇ ಹೋಗಿತ್ತು.

ಮರುದಿನ ಬೆಳಗ್ಗೆ ಎದ್ದಾಗ ಎಲ್ಲವೂ ಕಡೆದಿಟ್ಟಂತೆ ಕಂಡವು. ಬಾಗಿಲ ಹಿಂದೆ ಗಂಡನ ಅಂಗಿ ಇನ್ನೂ ತೂಗುತ್ತಿತ್ತು. ಕಾಲರಿನ ಸವೆತ, ಕಂಕುಳ ಬಳಿಯ ಹಳದಿ ಕಲೆ, ಕೆಳಗಿನ ಗುಂಡಿಯ ಬೇರೆ ಬಣ್ಣ. ಈಗಲಾದರೂ ಎದೆ ಒಡೆದೀತೆಂದು ಅದರ ಮುಂದೆ ನಿಂತು ಕಾದಳು. ಏನೂ ಆಗಲಿಲ್ಲ. ಅಂಗಿಯನ್ನು ಒಗೆಯಲು ಹಾಕಿದಳು.

ಮೇಷ್ಟ್ರ ಕೋಟಿನ ಕರಿ ದಾರ ಬಿಚ್ಚಿ ಹೊಸದಾಗಿ ರಫು ಮಾಡಿಕೊಟ್ಟಳು. ಕೆಲವು ತಿಂಗಳ ಮೇಲೆ ಎಡಗಣ್ಣಿನ ಪೊರೆಯನ್ನೂ ತೆಗೆಸಿದಳು. "ಈ ಸಲ ಚೌಕದ ಅಂಚಿಂದೇ ಹಾಕಿ ತಾಯಿ" ಎಂದು ತಾನೇ ಬಾಯಿಬಿಟ್ಟು ಕೇಳಿದ್ದಳು. ಸದ್ಯ, ಅಕ್ಕ ಚೇತರಿಸಿಕೊಂಡಳು ಎಂದಿತು ಓಣಿ. ಆಪರೇಷನ್ನಿಗೆಂದು ಬಂದಿದ್ದ ಮಗಳು ಮಾತ್ರ ನಂಬಲಿಲ್ಲ.

"ಅಮ್ಮಾ, ಒಳಗೆ ಹೇಗನ್ಸುತ್ತೆ?"

"ಏನೂ ಅನ್ಸಲ್ಲ ಕಣೇ. ಮೊದ್ಲು ಮಸುಕಾದ್ರೂ ಇತ್ತು. ಈಗ ಅದೂ ಇಲ್ಲ."

ಮಗಳು ಆ ವಾರ ತನ್ನ ಮನೆಗೆ ಹೋಗಲಿಲ್ಲ.