ಏನೂ ಉಳಿಸದ ಕಾಕಾ

ನಮ್ಮ ಬಳಗದಲ್ಲಿ ಯಾರ ಕಂಪ್ಯೂಟರ್ ಕೆಟ್ಟರೂ ಫೋನು ಬರುವುದು ನನಗೆ. ಬೀದರಿನ ಒಂದು ಕಚೇರಿಯಲ್ಲಿ ದಿನವಿಡೀ ಟೈಪು ಮಾಡುವವಳು ನಾನು. ಯಂತ್ರದ ಹೊಟ್ಟೆಯೊಳಗೆ ಏನಿದೆ ಎಂಬುದು ನನಗೆ ತಿಳಿದಿರುವುದು ಅಷ್ಟಕ್ಕಷ್ಟೇ. ಆದರೂ ನೆಂಟರ ಪಾಲಿಗೆ ನಾನು ದೊಡ್ಡ ಇಂಜಿನಿಯರು, ಆ ಬಿರುದನ್ನು ನಾನೂ ಯಾವತ್ತೂ ಬೇಡವೆಂದವಳಲ್ಲ. ಅದರ ಪೆಟ್ಟು ಬಿದ್ದದ್ದು ಔರಾದದ ನಮ್ಮ ಕಾಕಾನಿಗೆ, ಅಂದರೆ ನನ್ನಪ್ಪನ ತಮ್ಮನಿಗೆ.

ಕಾಕಾ ಶಾಲೆಯ ಮಾಸ್ತರಿಕೆಯಿಂದ ನಿವೃತ್ತರಾಗಿ ನಾಲ್ಕೈದು ವರ್ಷವಾಗಿತ್ತು. ಸೊಸೆ, ಮೊಮ್ಮಕ್ಕಳ ಜೊತೆ ಇದ್ದರು. ಮಗ ಭಾಲ್ಕಿಯಲ್ಲಿ ನೌಕರಿ ಮಾಡುತ್ತ ವಾರಕ್ಕೊಮ್ಮೆ ಬಂದುಹೋಗುತ್ತಿದ್ದ. ಎರಡನೆಯ ವರ್ಷವೂ ಮಳೆ ಇಲ್ಲ. ಔರಾದದ ಬಸ್‌ಸ್ಟ್ಯಾಂಡಿಗೆ ಹೋದರೆ ಗಂಟು, ಸ್ಟೋವು, ಕೊಡ, ಕೋಳಿ ಸಮೇತ ಜನ ಹೈದರಾಬಾದಿನ ಬಸ್ಸಿಗೋ ಪುಣೆಯ ಬಸ್ಸಿಗೋ ಕಾಯುತ್ತ ಕೂತಿರುತ್ತಿದ್ದರು. ಅವರ ಹಿಂದೆ ಮಕ್ಕಳೂ ಹೋಗುತ್ತಿದ್ದವು. ಆ ಮಕ್ಕಳ ಹೆಸರು ಹಾಜರಿಯಿಂದ ಹಾರಿಹೋಗಬಾರದು, ಯಾರು ಎಲ್ಲಿಗೆ ಹೋದರೆಂದು ಗೊತ್ತಾದರೆ ಅಲ್ಲಿಯ ಶಾಲೆಗೆ ಪತ್ರ ಬರೆಯಬಹುದು ಎಂದು ಶಾಲೆಯ ಹೆಡ್‌ಮಾಸ್ತರರು ಯೋಚಿಸಿದರು. ಅವರು ಕಾಕಾನ ಹಳೆಯ ಶಿಷ್ಯ. ಮನೆಮನೆ ತಿರುಗಿ ವಿಚಾರಿಸುವ ಕೆಲಸವನ್ನು ಕಾಕಾನಿಗೇ ಒಪ್ಪಿಸಿದರು.

ಕಾಕಾ ಹತ್ತು ವರ್ಷ ಸಣ್ಣವರಾದರು. ಬೆಳಿಗ್ಗೆ ನೋಟ್‌ಬುಕ್ಕು ಹಿಡಿದು ತಾಂಡಾ, ಹಳ್ಳಿ ತಿರುಗುವುದು. ಮನೆಗೆ ಬೀಗ ಬಿದ್ದಿದ್ದರೆ ಪಕ್ಕದ ಮನೆಯ ಮುದುಕಿಯನ್ನು ಕೇಳುವುದು. ಮಧ್ಯಾಹ್ನ ಕೂತು ಎಲ್ಲವನ್ನೂ ಕಂಪ್ಯೂಟರಿಗೆ ಏರಿಸುವುದು. ಆ ಹಳೆಯ ಕಂಪ್ಯೂಟರನ್ನು ಬೀದರಿನಿಂದ ಬಸ್ಸಿನಲ್ಲಿ ತಂದು ಕೊಟ್ಟವಳು ನಾನೇ. ಕಲಿಸಿದವಳೂ ನಾನೇ. "ಬಂದ್ ಮಾಡುವಾಗ ಸೇವ್ ಅಂತ ಕೇಳ್ತದರಿ ಕಾಕಾ, ಕಣ್ಣು ಮುಚ್ಚಿ ಯೆಸ್ ಒತ್ತರಿ" ಎಂದಿದ್ದೆ. ಒಂದು ತಿಂಗಳು ಅವರು ಹಾಗೆಯೇ ಒತ್ತಿದರು, ಎಲ್ಲವೂ ಸುಸೂತ್ರವಾಗಿತ್ತು.

ಸುಸೂತ್ರವಾಗಿದ್ದದ್ದನ್ನು ಹಾಗೇ ಬಿಡುವ ಬುದ್ಧಿ ನನಗೆಲ್ಲಿಂದ ಬರಬೇಕು? ಒಂದು ಭಾನುವಾರ ಹೋದವಳು ಕಂಪ್ಯೂಟರಿನ ಇಂಗ್ಲಿಷನ್ನೆಲ್ಲ ಕನ್ನಡಕ್ಕೆ ತಿರುಗಿಸಿಟ್ಟೆ. "ಇನ್ನ ಎಲ್ಲಾ ಕನ್ನಡದಾಗ ಅದರಿ, ನಿಮಗ ಏನೂ ತ್ರಾಸ ಇಲ್ಲ" ಎಂದು ಹೇಳಿ ಚಹಾ ಕುಡಿದು ಬಂದೆ. ಕಾಕಾ ಪರದೆಯ ಮೇಲಿನದನ್ನೆಲ್ಲ ಗಟ್ಟಿಯಾಗಿ ಓದಿ, ಒಂದು ಕಡೆ ಒತ್ತಕ್ಷರ ತಪ್ಪಿದೆ ಎಂದು ನನ್ನನ್ನೇ ಗದರಿಸಿದ್ದರು.

ಮರುದಿನದಿಂದ ಫೋನು ಶುರುವಾಯಿತು. "ಯವ್ವಾ, ನಿನ್ನಿ ಬರದದ್ದು ಇವತ್ತ ಇಲ್ಲ."

ಕರೆಂಟು ಹೋಗಿರಬೇಕು ಎಂದೆ. ಇಲ್ಲ ಎಂದರು. ವೈರಸ್ಸು ಇರಬೇಕು ಎಂದು ಮುಂದಿನ ಭಾನುವಾರ ಹೋಗಿ ಅದನ್ನೂ ತೊಳೆದೆ. ನನ್ನ ಎದುರಿಗೇ ಎರಡು ಮನೆಯ ವಿವರ ಟೈಪು ಮಾಡಿಸಿದೆ. ನಾಲ್ಕರ ಬಸ್ಸಿನ ಅವಸರದಲ್ಲಿ ನಾನೇ ಟಕ್ಕಂತ ಮುಚ್ಚಿ, ಮತ್ತೆ ತೆರೆದು ನೋಡಿದೆ. ಇತ್ತು! ಗೆದ್ದೆನೆಂದುಕೊಂಡು ಬೀದರಿಗೆ ಬಂದರೆ ಮಂಗಳವಾರ ಮತ್ತೆ ಫೋನು. ಆಮೇಲಿನ ವಾರವೂ ಅದೇ ಕಥೆ. ನಾನಿದ್ದಾಗ ಬರೆದದ್ದು ಇರುತ್ತದೆ, ನಾನು ಹೋದಮೇಲೆ ಬರೆದದ್ದು ಇರುವುದಿಲ್ಲ. ಇದೆಂಥ ಮಾಟವೋ ನನಗೆ ತಿಳಿಯಲಿಲ್ಲ. ಕಚೇರಿಯಲ್ಲಿ ಕೂತಾಗಲೂ ಅದೇ ಯೋಚನೆ. ಸೊಸೆಯನ್ನು ಕೇಳಿದರೆ, "ದಿನಾ ಟಕಾಟಕ್ ಆವಾಜ್ ಬರ್ತದಕ್ಕಾ. ಏನ್ ಬರೀತಾರೋ ನಾ ನೋಡಿಲ್ಲ" ಎಂದಳು. ಟ್ಯಾಂಕರಿನ ಸರದಿಯಲ್ಲಿ ಕೊಡ ಹಿಡಿದು ನಿಲ್ಲುವುದರಲ್ಲೇ ಅವಳ ಮಧ್ಯಾಹ್ನ ಮುಗಿಯುತ್ತಿತ್ತು.

ಯಂತ್ರ ಸರಿಯಿದೆ. ಹಾಗಿದ್ದರೆ ಸರಿಯಿಲ್ಲದ್ದು ಯಾವುದು? ಇಷ್ಟು ನಾಚಿಕೆಗೇಡಿನ ಯೋಚನೆ ನನಗೆ ಎಷ್ಟು ಸಲೀಸಾಗಿ ಬಂತೆಂದು ಈಗಲೂ ಮೈ ಉರಿಯುತ್ತದೆ. ಒಮ್ಮೆ ಬಂದ ಮೇಲೆ ಪುರಾವೆಗಳಿಗೇನು ಬರ? ಕಾಕಾ ಚಷ್ಮಾವನ್ನು ಜೇಬಿನಲ್ಲಿಟ್ಟುಕೊಂಡು ಹುಡುಕಿದರು. ಮೊಮ್ಮಗಳನ್ನು ನನ್ನ ಹೆಸರಿನಿಂದ ಕರೆದರು. ಹಿಂದೆಯೂ ಅವರು ಹೀಗೆಲ್ಲ ಮಾಡುತ್ತಿದ್ದರು, ನಾವು ನಗುತ್ತಿದ್ದೆವು. ಈಗ ನಾನು ನಗಲಿಲ್ಲ. ಭಾಲ್ಕಿಗೆ ಫೋನು ಮಾಡಿ ಅವರ ಮಗನಿಗೆ ಹೇಳಿದೆ: "ಕಾಕಾಗ ಮರವು ಶುರು ಆಗ್ಯಾದ ಅನಸ್ತದ. ಬರೀಲಾರದ್ದೂ ಬರದೀನಿ ಅಂತಾರ."

ಕಾಕಾನಿಗೂ ಹೇಳಿದೆ. ಮೆತ್ತಗೆ ಹೇಳಿದೆ ಎಂಬುದೇ ನನ್ನ ಹೆಚ್ಚುಗಾರಿಕೆ. "ವಯಸ್ಸಾದ ಮ್ಯಾಲ ಹಂಗ ಆಗ್ತದರಿ ಕಾಕಾ, ಮನಸ್ಸಿಗಿ ಹಚ್ಕೋಬ್ಯಾಡ್ರಿ." ಅವರು ನನ್ನ ಮುಖ ನೋಡಿ, "ಹೌದೇನು?" ಎಂದರು, ಅಷ್ಟೇ.

ಮಗ ಬಂದು ಕಾಕಾನನ್ನು ಭಾಲ್ಕಿಯ ಡಾಕ್ಟರಿಗೆ ತೋರಿಸಿಕೊಂಡು ಬಂದ. ಡಾಕ್ಟರು ಖಚಿತವಾಗಿ ಏನೂ ಹೇಳಲಿಲ್ಲವಂತೆ, ವಿಶ್ರಾಂತಿ ಎಂದರಂತೆ. ತಾಂಡಾಗಳಿಗೆ ಒಬ್ಬರೇ ಹೋಗುವುದು ನಿಂತಿತು. ಮಗನೇ ಶಾಲೆಗೆ ಹೋಗಿ ವಿಷಯ ತಿಳಿಸಿ ನೋಟ್‌ಬುಕ್ಕು ಒಪ್ಪಿಸಿಬಂದ. ಅಂಗಡಿಗೆ ಹೋದರೂ ಹಿಂದೆ ಯಾರಾದರೂ ಇರಬೇಕೆಂದಾಯಿತು. ಕಾಕಾ ಎದುರಾಡಲಿಲ್ಲ. ಅವರು ಜಗಳಾಡಿದ್ದರೆ ನನಗೆ ಅನುಮಾನವಾದರೂ ಬರುತ್ತಿತ್ತು.

ಕಂಪ್ಯೂಟರು ಸುಮ್ಮನೆ ಧೂಳು ತಿನ್ನುವುದೇಕೆಂದು ಅದನ್ನು ವಾಪಸು ತರಲು ಒಂದು ಭಾನುವಾರ ಹೋದೆ. "ಒಯ್ಯೂಕಿಂತ ಮೊದಲ ಒಂದು ಪತ್ರ ಬರಕೋತೀನಿ" ಎಂದರು ಕಾಕಾ. "ನೀ ಬೀದರದಾಗ ಪ್ರಿಂಟ್ ತಗದು ಸಾಲಿ ಹೆಡ್‌ಮಾಸ್ತರಗ ಕಳಸು." ನಾನು ಅವರ ಹಿಂದೆ ಕೂತು ವಯರು ಕಟ್ಟಲು ಹಳೆಯ ಸೀರೆಯ ಅಂಚು ಹರಿಯುತ್ತಿದ್ದೆ. ಕಾಕಾ ಬರೆಯುತ್ತಲೇ ಓದಿಕೊಳ್ಳುತ್ತಿದ್ದರು. "ನನ್ನ ನೆನಪಿನ ಶಕ್ತಿ ಕುಂದಿರುವುದರಿಂದ ತಾವು ಒಪ್ಪಿಸಿದ ಕೆಲಸವನ್ನು ಮುಂದುವರಿಸಲಾರೆ. ಇದುವರೆಗೆ ಆದ ತಪ್ಪಿಗೆ ಕ್ಷಮೆ ಇರಲಿ." ಒಂದೂ ಕಾಗುಣಿತ ತಪ್ಪಿಲ್ಲದೆ ಬರೆದರು. ಮುಗಿಸಿ ಮುಚ್ಚಲು ಒತ್ತಿದರು. ಪರದೆಯ ಮೇಲೆ ಒಂದು ಪ್ರಶ್ನೆ ಬಂತು.

"ಬದಲಾವಣೆಗಳನ್ನು ಉಳಿಸಬೇಕೆ?" ಎಂದು ಕಾಕಾ ಮಾಸ್ತರರ ಧ್ವನಿಯಲ್ಲಿ ಓದಿದರು. ಅದಕ್ಕೆ ಉತ್ತರವನ್ನೂ ಹೇಳಿದರು. "ಏನೂ ಉಳಿಸೂದು ಬ್ಯಾಡಪ್ಪ, ಎಲ್ಲಾ ಮುಗದದ." 'ಉಳಿಸಬೇಡ' ಎಂಬುದರ ಮೇಲೆ ಒತ್ತಿದರು. ಪತ್ರ ಮಾಯವಾಯಿತು.

ನಾನು ಹರಿಯುತ್ತಿದ್ದ ಅಂಚನ್ನು ಬಿಟ್ಟು ಎದ್ದುನಿಂತೆ. "ಕಾಕಾ! ಏನ್ ಮಾಡಿದ್ರಿ?"

"ಏನ್ ಮಾಡ್ದೆ? ಕೆಲಸ ಉಳಸ್ತೀ ಏನು ಅಂತ ದಿನಾ ಕೇಳ್ತದ. ನಾ ಯಾಕ ಉಳಸ್ಲಿ? ನೌಕರಿ ಇದ್ದಾಗೂ ಇವತ್ತಿಂದು ನಾಳಿಗಿ ಉಳಿಸಿದವ ಅಲ್ಲ ನಾ."

"ಮತ್ತ ಸೇವ್?"

"ಅದು ಈಗ ಕೇಳೂದೇ ಇಲ್ಲಲ್ಲ. ನೀನೇ ಅಂದಿ, ಕನ್ನಡದಾಗ ಮಾಡೀನಿ, ತ್ರಾಸ ಇಲ್ಲಂತ."

ಊಟದಲ್ಲಿ ಅನ್ನ ಉಳಿಸಬೇಡ, ಪಾಠ ಉಳಿಸಬೇಡ, ಮನಸ್ಸಿನಲ್ಲಿ ಸಿಟ್ಟು ಉಳಿಸಬೇಡ ಎಂದು ನಮ್ಮನ್ನು ಬೆಳೆಸಿದ ಮನುಷ್ಯ. ದಿನದ ಕೆಲಸ ಬಾಕಿ ಇಲ್ಲದಂತೆ ಮುಗಿಸಿ, ಯಂತ್ರಕ್ಕೂ ಹಾಗೆಂದೇ ಪ್ರಾಮಾಣಿಕವಾಗಿ ಉತ್ತರಿಸಿ, ಬರೆದದ್ದನ್ನೆಲ್ಲ ತಮ್ಮ ಕೈಯಾರೆ ಅಳಿಸಿದ್ದರು. ಸೇವ್ ಎಂಬುದೇ ಕನ್ನಡದಲ್ಲಿ 'ಉಳಿಸು' ಆಗಿದೆ, ನಾನಿದ್ದಾಗಲೆಲ್ಲ ಅದನ್ನು ಒತ್ತಿ ಮುಚ್ಚುತ್ತಿದ್ದವಳು ನಾನೇ ಎಂದು ಅವರಿಗೆ ಬಿಡಿಸಿ ಹೇಳಿದೆ. ನಗುತ್ತಾರೆ ಅಂದುಕೊಂಡೆ, ಬೈಯುತ್ತಾರೆ ಅಂದುಕೊಂಡೆ. ಎರಡೂ ಮಾಡದೆ ನನ್ನ ಕಡೆ ತಿರುಗಿ ಕೇಳಿದರು.

"ಅಂದ್ರ ನನ್ನ ತಲಿ ನೆಟ್ಟಗದ?"

"ನೆಟ್ಟಗದರಿ ಕಾಕಾ."

"ಈ ಪೆಟ್ಟಿಗಿ ಹೇಳಿದ್ರ ನಾ ನಂಬ್ತಿದ್ದಿಲ್ಲ ಯವ್ವಾ. ನೀ ಹೇಳ್ದಿ ಅಂತ ನಂಬ್ದೆ."

ಕೆಲಸವಿಲ್ಲದ ಅಷ್ಟೂ ದಿನ, ಹಿಂದೆ ಪಾಠ ಹೇಳಿದ ಮಕ್ಕಳ ಹೆಸರುಗಳನ್ನು ವರ್ಷವರ್ಷವಾಗಿ ಒಪ್ಪಿಸುತ್ತ, ಎಲ್ಲಿ ತಪ್ಪುತ್ತದೋ ಎಂದು ಕಾಯುತ್ತಿದ್ದರಂತೆ. ತಪ್ಪಲೇ ಇಲ್ಲವಂತೆ. ಆದರೂ ನನ್ನ ಮಾತೇ ಖರೆ ಇರಬೇಕೆಂದು ಒಪ್ಪಿಕೊಂಡಿದ್ದರು.

ಬೀದರಿಗೆ ಹೋಗದೆ ಉಳಿದೆ, ಮರುದಿನ ಕಚೇರಿಗೆ ರಜೆ ಹೇಳಿದೆ. ಭಾಲ್ಕಿಗೆ ಫೋನು ಮಾಡಿದೆ. ಮಗ ಎಲ್ಲ ಕೇಳಿ, "ಇರ್ಲಿ ಅಕ್ಕಾ, ಆದ್ರೂ ಒಬ್ಬರನ್ನೇ ಕಳಸೂದು ಬ್ಯಾಡ" ಎಂದ. ಒಮ್ಮೆ ಹಚ್ಚಿದ ಮಾತನ್ನು ಕೀಳುವ ವಿದ್ಯೆ ನನಗೆ ಯಾರೂ ಕಲಿಸಿರಲಿಲ್ಲ. ಬೆಳಿಗ್ಗೆ ನೋಟ್‌ಬುಕ್ಕು ವಾಪಸು ಕೇಳಲು ಕಾಕಾನೂ ನಾನೂ ಶಾಲೆಗೆ ಹೋದೆವು. ಹೆಡ್‌ಮಾಸ್ತರರ ಕೋಣೆಯ ಹೊರಗೆ ಕಾಕಾ ನಿಂತುಬಿಟ್ಟರು.

"ನೀನೇ ಹೇಳು. ನಾ ಹೇಳಿದ್ರ, ಪಾಪ ಮರತು ಮಾತಾಡ್ತಾರ ಅಂತಾರ."

ಒಳಗೆ ಹೋಗಿ ನಾನೇ ಎಲ್ಲವನ್ನೂ ಹೇಳಿದೆ. ತಪ್ಪು ನನ್ನದೆಂದೂ ಹೇಳಿದೆ. ಹೆಡ್‌ಮಾಸ್ತರರು ಎದ್ದು ಬಾಗಿಲಿಗೆ ಬಂದು, ಕಾಕಾನಿಗೆ ಕೈ ಮುಗಿದು, ಕುರ್ಚಿ ತರಿಸಿದರು. ಆಮೇಲೆ ನನ್ನ ಕಡೆ ತಿರುಗಿ, ಧ್ವನಿ ಇಳಿಸಿ ಕೇಳಿದರು, "ಖರೇನೇ ಏನ್ರಿ ಮೇಡಂ? ಸರ್‌ಗ ಏನೂ ಆಗಿಲ್ಲ?"

ಅಷ್ಟು ಸಮೀಪದಲ್ಲಿ ಕೂತಿದ್ದ ಕಾಕಾ ಅದನ್ನು ಕೇಳಿಸಿಕೊಂಡರು. ಅವರೂ ನನ್ನ ಉತ್ತರಕ್ಕಾಗಿ ನನ್ನ ಮುಖವನ್ನೇ ನೋಡಿದರು.